ಕಡಲಸಿಂಹ ದಾರಿ ಮರೆತ ಕೊಲ್ಲಿ

ಮಕ್ಕಳೇ, ಮನೆಯಲ್ಲಿ ಭೂಪಟವಿದ್ದರೆ ತೆಗೆದು ಅಮೆರಿಕದ ಪಶ್ಚಿಮ ಕರಾವಳಿಯನ್ನು ನೋಡಿ. ಸ್ಯಾನ್ ಫ್ರಾನ್ಸಿಸ್ಕೋ ಊರಿನಿಂದ ಸ್ವಲ್ಪ ಕೆಳಗೆ, ಯಾರೋ ದೋಸೆಯ ಅಂಚನ್ನು ಕಚ್ಚಿ ತಿಂದ ಹಾಗೆ ದಡ ಒಳಕ್ಕೆ ಬಾಗಿದೆ. ಅದೇ ಮಾಂಟೆರೆ ಕೊಲ್ಲಿ. ಅದರ ಉತ್ತರದ ತುದಿಯಲ್ಲಿ ಸಾಂಟಾ ಕ್ರೂಜ್, ದಕ್ಷಿಣದ ತುದಿಯಲ್ಲಿ ಮಾಂಟೆರೆ. ನಡುವೆ ವಾಟ್ಸನ್‌ವಿಲ್ ಸುತ್ತಮುತ್ತ ಕಣ್ಣು ಹಾಯುವಷ್ಟು ದೂರ ಸ್ಟ್ರಾಬೆರಿ ತೋಟಗಳು.

ಮಗಳ ಮನೆ ಇರುವುದು ಸ್ಯಾನ್ ಹೋಸೆಯಲ್ಲಿ. ಅಲ್ಲಿಂದ ಬೆಟ್ಟ ಹತ್ತಿ ಇಳಿದರೆ ಸಮುದ್ರ. ದಾರಿಯುದ್ದಕ್ಕೂ ರೆಡ್‌ವುಡ್ ಮರಗಳು. ತಿರುವುಗಳು ನಮ್ಮ ಆಗುಂಬೆ ಘಾಟಿಯಷ್ಟಿಲ್ಲವಾದರೂ ನನ್ನ ಮನೆಯವರು ಕೈಯಲ್ಲಿ ನಿಂಬೆಹಣ್ಣು ಹಿಡಿದೇ ಕುಳಿತಿದ್ದರು. ಮೇ ತಿಂಗಳಾದರೂ ಸ್ವೆಟರ್ ಹಾಕದೆ ಕಾರಿನಿಂದ ಇಳಿಯುವಂತಿರಲಿಲ್ಲ.

ಸಾಂಟಾ ಕ್ರೂಜ್‌ನಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಉದ್ದನೆಯ ಮರದ ಕಟ್ಟೆಯಿದೆ. ಅದರ ಮೇಲೆ ಕಾರೂ ಓಡುತ್ತದೆ, ಹೋಟೆಲುಗಳೂ ಇವೆ. ಕೆಳಗಿನ ತೊಲೆಗಳ ಮೇಲೆ ಕಡಲಸಿಂಹಗಳು ಒಂದರ ಮೇಲೊಂದು ಬಿದ್ದುಕೊಂಡು ನಿದ್ದೆ ಮಾಡುತ್ತವೆ. ಎದ್ದರೆ ಬೊಗಳುತ್ತವೆ. ಹೊಸಬನೊಬ್ಬ ಮೇಲೆ ಹತ್ತಲು ಬಂದರೆ ಉಳಿದವುಗಳ ಜಗಳ ನೋಡಬೇಕು. ದಸರಾ ರಜೆಯಲ್ಲಿ ನಮ್ಮ ಕೆಂಪು ಬಸ್ಸಿನ ಸೀಟಿಗೆ ಟವಲು ಹಾಕುವವರ ಜಗಳ ಇದ್ದ ಹಾಗೆಯೇ. ಮೊಮ್ಮಗ ಅರ್ಧ ಗಂಟೆ ಅಲ್ಲಿಂದ ಕದಲಲಿಲ್ಲ.

ಈ ಕೊಲ್ಲಿಯಲ್ಲಿ ಇಷ್ಟೊಂದು ಜೀವಿಗಳಿರುವುದಕ್ಕೆ ಕಾರಣ ನೀರಿನಡಿಯಲ್ಲಿದೆ. ದಡಕ್ಕೆ ಅಂಟಿಕೊಂಡೇ ಭಾರಿ ಆಳದ ಒಂದು ಕಣಿವೆ ಸಮುದ್ರದ ತಳದಲ್ಲಿ ಸೀಳಿಕೊಂಡು ಹೋಗಿದೆ. ವಸಂತಕಾಲದಲ್ಲಿ ವಾಯವ್ಯದಿಂದ ಬೀಸುವ ಗಾಳಿ ಮೇಲಿನ ನೀರನ್ನು ದಡದಿಂದ ಆಚೆಗೆ ತಳ್ಳುತ್ತದೆ. ಆ ಜಾಗ ತುಂಬಲು ಆಳದ ತಣ್ಣೀರು ಮೇಲೆ ಬರುತ್ತದೆ. ಕೊಳೆತು ತಳ ಸೇರಿದ್ದ ಪೋಷಕಾಂಶಗಳೆಲ್ಲ ಅದರ ಜೊತೆಗೆ ಬರುತ್ತವೆ. ಅದು ಸಮುದ್ರಕ್ಕೆ ಹಾಕಿದ ಗೊಬ್ಬರವಿದ್ದಂತೆ. ಬಿಸಿಲು ಬಿದ್ದ ಕೂಡಲೇ ಕಣ್ಣಿಗೆ ಕಾಣದ ಪಾಚಿ ಹುಲುಸಾಗಿ ಬೆಳೆಯುತ್ತದೆ. ಪಾಚಿಗೆ ಸಣ್ಣ ಜೀವಿಗಳು, ಅವಕ್ಕೆ ಮೀನು, ಮೀನಿಗೆ ಹಕ್ಕಿ, ಕಡಲಸಿಂಹ, ತಿಮಿಂಗಿಲ. ಹೀಗೆ ಪಂಕ್ತಿ ಬೆಳೆಯುತ್ತದೆ. ಆದರೆ ಒಮ್ಮೊಮ್ಮೆ ಆ ಊಟದಲ್ಲಿಯೇ ವಿಷ ಬೆರೆತಿರುತ್ತದೆ.

ಹಕ್ಕಿಗಳು ಬಿದ್ದ ರಾತ್ರಿ

ಸಾಂಟಾ ಕ್ರೂಜ್‌ನ ಪಕ್ಕದಲ್ಲೇ ಕ್ಯಾಪಿಟೋಲಾ ಎಂಬ ಪುಟ್ಟ ಊರಿದೆ. ದಡದಲ್ಲಿ ಬಣ್ಣಬಣ್ಣದ ಮನೆಗಳು. 1961ರ ಆಗಸ್ಟ್ 18ರ ಮುಂಜಾನೆ ಮೂರು ಗಂಟೆಯ ಹೊತ್ತು. ಮಂಜು ಕವಿದಿತ್ತು. ಮನೆಗಳ ಮೇಲೆ ಧಪಧಪನೆ ಏನೋ ಬೀಳತೊಡಗಿತು. ಜನ ಟಾರ್ಚು ಹಿಡಿದು ಹೊರಗೆ ಬಂದರೆ ಷಿಯರ್‌ವಾಟರ್ ಎಂಬ ಕಡಲಹಕ್ಕಿಗಳು ಸಾವಿರಗಟ್ಟಲೆ. ಬೆಳಕು ಕಂಡಲ್ಲಿಗೆ ನುಗ್ಗುತ್ತಿದ್ದವು, ಗೋಡೆಗೆ ಬಡಿದು ಬೀಳುತ್ತಿದ್ದವು, ತಿಂದ ಮೀನನ್ನೆಲ್ಲ ಕಾರುತ್ತಿದ್ದವು. ಬೆಳಗಾಗುವ ಹೊತ್ತಿಗೆ ರಸ್ತೆಯ ತುಂಬ ಹಕ್ಕಿಗಳು, ಮೀನಿನ ನಾತ.

ಹತ್ತಿರದಲ್ಲೇ ಮನೆ ಮಾಡಿಕೊಂಡಿದ್ದ ಸಿನಿಮಾ ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್ ಆ ಸುದ್ದಿ ಬಂದ ಪತ್ರಿಕೆಯನ್ನು ತರಿಸಿಕೊಂಡರು. 1963ರಲ್ಲಿ ಅವರ ‘ದಿ ಬರ್ಡ್ಸ್’ ಚಿತ್ರ ಬಂತು. ಕಥೆ ದಾಫ್ನೆ ದು ಮೋರಿಯೆ ಅವರದು, ಭಯಕ್ಕೆ ಇಂಬು ಕೊಟ್ಟದ್ದು ಈ ಊರು. ನನ್ನ ವಯಸ್ಸಿನ ಎಷ್ಟೋ ಜನ ಅದನ್ನು ನೋಡಿ ಬೆದರಿದ್ದೇವೆ.

ಹಕ್ಕಿಗಳಿಗೆ ಹುಚ್ಚು ಹಿಡಿದದ್ದೇಕೆ? ಮೂವತ್ತು ವರ್ಷ ಉತ್ತರವಿರಲಿಲ್ಲ. 1991ರಲ್ಲಿ ಇದೇ ಕೊಲ್ಲಿಯಲ್ಲಿ ಹೆಜ್ಜಾರ್ಲೆಗಳೂ ನೀರುಕಾಗೆಗಳೂ ತೂರಾಡಿ ಸಾಯತೊಡಗಿದವು. ಅವುಗಳ ಹೊಟ್ಟೆಯಲ್ಲಿದ್ದದ್ದು ಆಂಚೊವಿ ಮೀನು, ನಮ್ಮ ಮಂಗಳೂರು ಕಡೆ ಕೊಲ್ಲತರು ಎನ್ನುವ ಜಾತಿ. ಮೀನಿನಲ್ಲಿ ಸಿಕ್ಕಿದ್ದು ಡೊಮೊಯಿಕ್ ಆಮ್ಲ ಎಂಬ ವಿಷ. ಆಮೇಲೆ ವಿಜ್ಞಾನಿಗಳು 1961ರ ಬೇಸಿಗೆಯಲ್ಲಿ ಈ ಕೊಲ್ಲಿಯಿಂದ ಸಂಗ್ರಹಿಸಿ ಶೀಶೆಗಳಲ್ಲಿ ಇಟ್ಟಿದ್ದ ಸೂಕ್ಷ್ಮಜೀವಿಗಳನ್ನು ಹೊರತೆಗೆದರು. ಅವುಗಳ ಹೊಟ್ಟೆಯಲ್ಲಿ ಇನ್ನೂ ಉಳಿದಿದ್ದ ಪಾಚಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಇದೇ ವಿಷವನ್ನು ತಯಾರಿಸುವ ಜಾತಿಯದು! ಸುಮಾರು ಐವತ್ತು ವರ್ಷ ಆ ಶೀಶೆಗಳನ್ನು ಯಾರೂ ಎಸೆದಿರಲಿಲ್ಲ. ಹಳೆಯ ಲೆಡ್ಜರನ್ನು ಜೋಪಾನ ಮಾಡುವುದರ ಬೆಲೆ ಬ್ಯಾಂಕಿನಲ್ಲಿದ್ದವನಿಗೆ ಚೆನ್ನಾಗಿ ಗೊತ್ತು.

ಆ ಪಾಚಿಯ ಹೆಸರು ಸ್ಯೂಡೋ-ನಿಟ್ಷಿಯಾ. ಡಯಾಟಮ್ ಎಂಬ ಗುಂಪಿನದು. ಸೂಜಿಯಂತೆ ಸಪೂರ, ಮೈಮೇಲೆ ಗಾಜಿನಂಥ ಕವಚ. ಸೂಜಿಗಳು ತುದಿಗೆ ತುದಿ ಜೋಡಿಸಿಕೊಂಡು ಸರಪಳಿಯಾಗುತ್ತವೆ. ಆಂಚೊವಿ ಅದನ್ನು ಸೋಸಿ ತಿಂದು ಆರಾಮಾಗಿ ಈಜಿಕೊಂಡಿರುತ್ತದೆ. ಅಂಥ ನೂರಾರು ಮೀನು ನುಂಗಿದ ಕಡಲಸಿಂಹದ ಹೊಟ್ಟೆಗೆ ಎಲ್ಲರ ಪಾಲಿನ ವಿಷವೂ ಒಟ್ಟಿಗೆ ಸೇರುತ್ತದೆ. 1998ರ ಬೇಸಿಗೆಯ ಮೊದಲಲ್ಲಿ ಈ ಕರಾವಳಿಯಲ್ಲಿ 400ಕ್ಕೂ ಹೆಚ್ಚು ಕಡಲಸಿಂಹಗಳು ಸತ್ತದ್ದು ಹೀಗೆ.

ಕಡಲಸಿಂಹಗಳ ಆಸ್ಪತ್ರೆ

ಮಾರನೆಯ ವಾರ ಮಗಳು ಸಾಸಲಿಟೋಗೆ ಕರೆದುಕೊಂಡು ಹೋದಳು. ಗೋಲ್ಡನ್ ಗೇಟ್ ಸೇತುವೆ ದಾಟಿದರೆ ಗುಡ್ಡದ ಮೇಲೆ ‘ಮೆರೀನ್ ಮ್ಯಾಮಲ್ ಸೆಂಟರ್’ ಎಂಬ ಆಸ್ಪತ್ರೆ. 1975ರಲ್ಲಿ ಶುರುವಾದದ್ದು. ದಡದಲ್ಲಿ ಬಿದ್ದ ಕಡಲಸಿಂಹ, ಸೀಲ್‌ಗಳನ್ನು ತಂದು ಚಿಕಿತ್ಸೆ ಮಾಡಿ ಸಮುದ್ರಕ್ಕೆ ಬಿಡುತ್ತಾರೆ. ಕೆಲಸ ಮಾಡುವವರಲ್ಲಿ ಹೆಚ್ಚಿನವರು ಸ್ವಯಂಸೇವಕರು. ನನ್ನ ವಯಸ್ಸಿನ ಅಜ್ಜಿಯರು ರಬ್ಬರ್ ಬೂಟು ಹಾಕಿಕೊಂಡು ಬಕೆಟ್ಟಿನಲ್ಲಿ ಮೀನು ಹೊರುತ್ತಿದ್ದರು.

ಒಂದು ಕೊಳದಲ್ಲಿ ಒಂಟಿಯಾಗಿದ್ದ ಕಡಲಸಿಂಹ ಕತ್ತನ್ನು ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ ಬಿಡದೆ ತೂಗುತ್ತಿತ್ತು. ಎಸೆದ ಮೀನು ಮೂಗಿನ ಮುಂದೆ ಬಿದ್ದಿದ್ದರೂ ಕಾಣದು. ಮೊಮ್ಮಗ ಕೇಳಿದ, “ಅಜ್ಜಾ, ಅದಕ್ಕೆ ಏನಾಗಿದೆ?”

ಅಲ್ಲಿದ್ದ ಮಾರ್ಗದರ್ಶಿ ವಿವರಿಸಿದ್ದನ್ನು ನಿಮಗೂ ಹೇಳುತ್ತೇನೆ. ಮಿದುಳಿನ ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಬಳಸುತ್ತವೆ. ಡೊಮೊಯಿಕ್ ಆಮ್ಲ ಅದನ್ನೇ ಹೋಲುವ ಬಹುರೂಪಿ. ಜೀವಕೋಶದ ಬಾಗಿಲಿಗೆ ಅದೇ ಕೀಲಿ ಹಾಕಿ ಒಳಗಿನ ಗಂಟೆಯನ್ನು ಒಂದೇ ಸಮನೆ ಬಾರಿಸುತ್ತದೆ. ದಣಿದ ಜೀವಕೋಶ ಸಾಯುತ್ತದೆ. ಮೊದಲು ಹಾಳಾಗುವುದು ಹಿಪೊಕ್ಯಾಂಪಸ್ ಎಂಬ ಭಾಗ. ಕಡಲಕುದುರೆಯ ಆಕಾರದಲ್ಲಿರುವುದರಿಂದ ಅದಕ್ಕೆ ಆ ಹೆಸರು. ಇವತ್ತು ನಡೆದದ್ದನ್ನು ನಾಳೆಗೆ ನೆನಪಿಡುವುದು, ಹೋದ ದಾರಿಯಲ್ಲೇ ಮರಳುವುದು ಎಲ್ಲವೂ ಅದರ ಕೆಲಸ. ನಮಗೂ ನಿಮಗೂ ಕಡಲಸಿಂಹಕ್ಕೂ ಆ ಭಾಗ ಇದೆ.

ವಿಜ್ಞಾನಿಗಳು ಇಲ್ಲಿನ ಕಡಲಸಿಂಹಗಳಿಗೆ ಬಕೆಟ್ಟುಗಳಲ್ಲಿ ಮೀನು ಅಡಗಿಸಿ ಹುಡುಕುವ ಪರೀಕ್ಷೆ ಕೊಟ್ಟರು, ಮಿದುಳಿನ ಸ್ಕ್ಯಾನ್ ಮಾಡಿದರು. 2015ರಲ್ಲಿ ಫಲಿತಾಂಶ ಪ್ರಕಟವಾಯಿತು. ಹಿಪೊಕ್ಯಾಂಪಸ್ ಸವೆದಷ್ಟೂ ಅವು ಮೀನಿದ್ದ ಜಾಗವನ್ನು ಮರೆಯುತ್ತಿದ್ದವು. ದಾರಿ ಮರೆತ ಕಡಲಸಿಂಹ ಸಮುದ್ರದಲ್ಲಿ ಹೊಟ್ಟೆ ಹೊರೆಯುವುದಾದರೂ ಹೇಗೆ? ಕೆಲವಕ್ಕೆ ವಿಷ ಇಳಿದ ಮೇಲೂ ಮೂರ್ಛೆರೋಗ ಉಳಿಯುತ್ತದೆ.

ಅಂಥದೊಂದರ ಹೆಸರು ಕ್ರೋನಟ್. ಮೂರ್ಛೆ ಬಂದು ಬಂದು ಸೊರಗಿತ್ತು. 2020ರ ಅಕ್ಟೋಬರಿನಲ್ಲಿ ವೈದ್ಯರು ಹಂದಿಯ ಭ್ರೂಣದಿಂದ ತೆಗೆದ ನರಕೋಶಗಳನ್ನು ಅದರ ಮಿದುಳಿಗೆ ಸೇರಿಸಿದರು. ಅತಿಯಾದ ಗಂಟೆಯನ್ನು ಅಡಗಿಸುವ ಕೋಶಗಳವು. ವರ್ಷ ಕಳೆದರೂ ಮೂರ್ಛೆ ಮರುಕಳಿಸಲಿಲ್ಲ. ಇದನ್ನು ಕೇಳಿದ ಮೊಮ್ಮಗನ ಮುಖ ಅರಳಿತು.

ಮನುಷ್ಯರ ಮಾತು

1987ರಲ್ಲಿ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಮಸೆಲ್, ಅಂದರೆ ನಮ್ಮ ಕರಾವಳಿಯಲ್ಲಿ ಪಚ್ಚಿಲೆ ಎನ್ನುವ ಜಾತಿಯ ಚಿಪ್ಪುಜೀವಿ, ತಿಂದ ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಮೊದಲು ವಾಂತಿ, ಆಮೇಲೆ ಗಲಿಬಿಲಿ. ಮೂವರು ತೀರಿಕೊಂಡರು. ಬದುಕಿದವರಲ್ಲಿ ಕೆಲವರಿಗೆ ಹಳೆಯದೆಲ್ಲ ನೆನಪಿದೆ, ಹೊಸದು ಮಾತ್ರ ನಿಲ್ಲದು. ಈ ವಿಷ ಜಗತ್ತಿಗೆ ಪರಿಚಯವಾದದ್ದೇ ಆಗ. ವಿಚಿತ್ರವೆಂದರೆ ಜಪಾನಿನಲ್ಲಿ ಇದೇ ವಸ್ತುವಿರುವ ಕಡಲಪಾಚಿಯನ್ನು ಹೊಟ್ಟೆಹುಳುವಿನ ಮದ್ದಾಗಿ ಬಳಸುತ್ತಿದ್ದರು. ಚಿಟಿಕೆಯಲ್ಲಿ ಮದ್ದು, ಬೊಗಸೆಯಲ್ಲಿ ವಿಷ.

ನಮ್ಮಣ್ಣ ಕೊನೆಯ ನಾಲ್ಕು ವರ್ಷ ಹೀಗೇ ಇದ್ದರು. ಎಸ್ಸೆಸ್ಸೆಲ್ಸಿ ರಿಜಿಸ್ಟರ್ ನಂಬರ್ ಹೇಳುತ್ತಿದ್ದವರು ಬೆಳಿಗ್ಗೆ ತಿಂದ ಉಪ್ಪಿಟ್ಟನ್ನು ಮರೆಯುತ್ತಿದ್ದರು. ನನ್ನನ್ನು “ಯಾರಪ್ಪಾ ನೀವು?” ಎಂದು ಬಹುವಚನದಲ್ಲಿ ಕೇಳಿದ ದಿನ ನಾನು ಹಿತ್ತಲಿಗೆ ಹೋಗಿ ನಿಂತಿದ್ದೆ. ಅವರ ಮರೆವಿಗೂ ಪಾಚಿಗೂ ಸಂಬಂಧವಿಲ್ಲ. ಅವರು ಮೀನು ತಿಂದವರಲ್ಲ, ಸಮುದ್ರ ಕಂಡದ್ದೂ ಎರಡೇ ಸಲ. ವಯಸ್ಸಾದವರ ಮರೆವಿಗೆ ಕಾರಣಗಳು ಬೇರೆ ಬೇರೆ. ಆದರೂ ಆ ಕೊಳದ ಮುಂದೆ ನಿಂತಾಗ ಅಣ್ಣನ ಕಣ್ಣು ನೆನಪಾಯಿತು. ತಡೆಯಬಹುದಾದ ಮರೆವು ಒಂದಿದ್ದರೆ ಅದನ್ನಾದರೂ ತಡೆಯಬೇಕಲ್ಲವೇ?

ಈ ಪ್ರಶ್ನೆಗೆ ಇನ್ನೊಂದು ಮುಖವೂ ಇದೆ. ಒಮ್ಮೆಲೇ ಬಿದ್ದವರ ಕಥೆ ಹಾಗಾಯಿತು. ಸ್ವಲ್ಪಸ್ವಲ್ಪವೇ, ವರ್ಷಗಟ್ಟಲೆ ಒಳಗೆ ಹೋದರೆ? ವಾಷಿಂಗ್ಟನ್ ರಾಜ್ಯದ ಕರಾವಳಿಯ ಮೂಲನಿವಾಸಿಗಳಿಗೆ ರೇಜರ್ ಕ್ಲಾಮ್ ಎಂಬ ಚಿಪ್ಪುಜೀವಿ ತಲೆಮಾರುಗಳ ಆಹಾರ. ಅದರಲ್ಲಿ ಡೊಮೊಯಿಕ್ ಆಮ್ಲ ಅಲ್ಪಪ್ರಮಾಣದಲ್ಲಿ ಇರುವುದುಂಟು. ತಿಂಗಳಿಗೆ 15ಕ್ಕಿಂತ ಹೆಚ್ಚು ತಿನ್ನುವವರ ಜ್ಞಾಪಕಶಕ್ತಿ ಪರೀಕ್ಷೆಯಲ್ಲಿ ಸ್ವಲ್ಪ ಕಡಿಮೆ ಕಂಡಿತು.

ಪೆಸಿಫಿಕ್ ಸಾಗರದ ಗುವಾಮ್ ದ್ವೀಪದಲ್ಲಿ ಎರಡನೆಯ ಮಹಾಯುದ್ಧದ ನಂತರ ಚಮೋರೊ ಜನರಲ್ಲಿ ಕೈಕಾಲು ಸೋಲುವ, ನಡುಗುವ, ಮರೆವು ಬರುವ ನರರೋಗ ವಿಪರೀತವಾಗಿತ್ತು. ಅಲ್ಲಿನವರು ತಿನ್ನುತ್ತಿದ್ದ ಸೈಕಾಡ್ ಬೀಜದ ಹಿಟ್ಟಿನಲ್ಲಿ ಬಿಎಂಎಎ ಎಂಬ ವಸ್ತು 1967ರಲ್ಲಿ ಸಿಕ್ಕಿತು. ಅದನ್ನು ತಯಾರಿಸುವುದು ಆ ಗಿಡದ ಬೇರಿನಲ್ಲಿರುವ ನೀಲಿಹಸಿರು ಪಾಚಿ. ರೋಗಕ್ಕೆ ಇದೇ ಕಾರಣವೆಂದು ಕೆಲವು ವಿಜ್ಞಾನಿಗಳು, ಸಾಲದೆಂದು ಇನ್ನು ಕೆಲವರು. ವಾದ ಇನ್ನೂ ಮುಗಿದಿಲ್ಲ. ಮುಗಿಯುವ ತನಕ ಹೆದರಿ ಕೂರುವುದೂ ಬೇಡ, ಕಣ್ಣು ಮುಚ್ಚಿ ಕೂರುವುದೂ ಬೇಡ.

ಕಾವಲಿನ ಲೆಕ್ಕ

ಕ್ಯಾಲಿಫೋರ್ನಿಯಾದವರು ಕಣ್ಣು ಮುಚ್ಚಿ ಕೂತಿಲ್ಲ. ಮೇ 1ರಿಂದ ಅಕ್ಟೋಬರ್ 31ರವರೆಗೆ ದಡದ ಮಸೆಲ್‌ಗಳನ್ನು ಜನ ತಾವೇ ಕಿತ್ತು ತಿನ್ನುವಂತಿಲ್ಲ. ಬೇಯಿಸಿದರೂ ಈ ವಿಷ ಹೋಗುವುದಿಲ್ಲ. ಸಾಂಟಾ ಕ್ರೂಜ್‌ನ ಅದೇ ಕಟ್ಟೆಯಿಂದ ವಾರವಾರವೂ ನೀರೆತ್ತಿ ಪಾಚಿ ಪರೀಕ್ಷಿಸುತ್ತಾರೆ. ಒಂದು ಕಿಲೋ ಮಾಂಸದಲ್ಲಿ 20 ಮಿಲಿಗ್ರಾಂ ಮುಟ್ಟಿತೋ, ಮಾರಾಟ ಬಂದ್. 2015ರಲ್ಲಿ ಸಮುದ್ರ ಅತಿಯಾಗಿ ಬಿಸಿಯಾಗಿ ಕ್ಯಾಲಿಫೋರ್ನಿಯಾದಿಂದ ಅಲಾಸ್ಕಾದವರೆಗೆ ಈ ಪಾಚಿ ಹಬ್ಬಿದಾಗ ನವೆಂಬರಿನಲ್ಲಿ ಶುರುವಾಗಬೇಕಿದ್ದ ಏಡಿ ಹಿಡಿಯುವ ಕಸುಬು ಮುಂದಿನ ವರ್ಷದ ಮಾರ್ಚ್‌ವರೆಗೆ ನಿಂತಿತು. ಬೆಸ್ತರ ಆ ಚಳಿಗಾಲದ ಸಂಪಾದನೆ ಹೋಯಿತು. ಕಾಯಿಲೆ ಮಾತ್ರ ಹರಡಲಿಲ್ಲ.

ಕೊಲ್ಲಿಯ ಪಕ್ಕದ ಪಿಂಟೋ ಕೆರೆಯ ಕಥೆ ನಮಗೆ ಇನ್ನೂ ಹತ್ತಿರದ್ದು. ವಾಟ್ಸನ್‌ವಿಲ್ ಊರಿನ ಈ ಕೆರೆಯಲ್ಲಿ ಬೇಸಿಗೆ ಕಳೆಯುವ ಹೊತ್ತಿಗೆ ನೀಲಿಹಸಿರು ಪಾಚಿ ಬಣ್ಣದ ಡಬ್ಬ ಉರುಳಿದ ಹಾಗೆ ಹರಡುತ್ತದೆ. ಇದರ ವಿಷ ಕುತ್ತು ತರುವುದು ಯಕೃತ್ತಿಗೆ. ಅದು ಹೊಳೆ ಸೇರಿ ಸಮುದ್ರಕ್ಕೆ ಹೋಯಿತು. ಚಿಪ್ಪುಜೀವಿಗಳನ್ನು ತಿಂದು ಬದುಕುವ ಕಡಲ ನೀರುನಾಯಿಗಳು 21 ಸತ್ತದ್ದನ್ನು ವಿಜ್ಞಾನಿಗಳು 2010ರಲ್ಲಿ ವರದಿ ಮಾಡಿದರು. ಕೆರೆಗೆ ಸೇರಿದ ಕೊಳೆ ಕೆರೆಯಲ್ಲೇ ಉಳಿಯುವುದಿಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನೀಲಿಹಸಿರು ಪಾಚಿಗೆ ಬೇಕಾದದ್ದು ಬಿಸಿಲು, ನಿಂತ ನೀರು ಮತ್ತು ಸಾರಜನಕ, ರಂಜಕ. ಮೊದಲ ಎರಡು ನಮ್ಮ ಕೆರೆಗಳಲ್ಲಿ ಇದ್ದೇ ಇವೆ. ಉಳಿದೆರಡನ್ನು ಚರಂಡಿಯ ಮೂಲಕ, ಹೆಚ್ಚಾಗಿ ಸುರಿದ ಗೊಬ್ಬರದ ಮೂಲಕ ನಾವೇ ಕಳಿಸಿಕೊಡುತ್ತೇವೆ. ಆದ್ದರಿಂದ ಮಕ್ಕಳೇ, ಕೆರೆಯ ನೀರು ಹಸಿರು ಗಂಜಿಯಂತೆ ಕಂಡರೆ ಇಳಿಯಬೇಡಿ. ದನ, ನಾಯಿ ಕುಡಿಯಲು ಬಿಡಬೇಡಿ. ಹಸಿರಾದ ಎಲ್ಲ ನೀರೂ ವಿಷವಲ್ಲ, ನಿಜ. ಆದರೆ ಯಾವುದು ವಿಷ, ಯಾವುದು ಅಲ್ಲ ಎಂದು ಬರಿಗಣ್ಣು ಹೇಳಲಾರದು.

ಅಜ್ಜ ಅಜ್ಜಿಯರಿಗೂ ಒಂದು ಕೆಲಸವಿದೆ. ನಿಮ್ಮೂರಿನ ಕೆರೆಯ ನೀರು ನೀವು ಚಿಕ್ಕವರಿದ್ದಾಗ ಹೇಗಿತ್ತು, ಯಾವ ವರ್ಷದವರೆಗೆ ಕುಡಿಯುತ್ತಿದ್ದಿರಿ, ಯಾವ ಹಕ್ಕಿ ಬರುತ್ತಿತ್ತು, ಇವನ್ನೆಲ್ಲ ಮೊಮ್ಮಕ್ಕಳ ನೋಟ್‌ಬುಕ್ಕಿನಲ್ಲಿ ಬರೆಸಿ, ಕೆಳಗೆ ತಾರೀಖು ಹಾಕಿಸಿ. ನಮ್ಮ ನೆನಪು ಗಟ್ಟಿಯಾಗಿರುವಾಗಲೇ ಅದು ಕಾಗದಕ್ಕೆ ಇಳಿಯಲಿ. ಕೆರೆಯ ಖಾತೆಯಲ್ಲಿ ಆರಂಭದ ಶಿಲ್ಕು ಎಷ್ಟಿತ್ತೆಂದು ಗೊತ್ತಿದ್ದರೆ ತಾನೇ, ಎಷ್ಟು ಕಳೆದಿದ್ದೇವೆ ಎಂದು ಮಕ್ಕಳು ಲೆಕ್ಕ ಹಾಕುವುದು?