ಲೆಕ್ಕದ ಪುಸ್ತಕದಲ್ಲಿ ಇಲ್ಲದ ಸಾಲು

ಆತ್ಮೀಯ ಗೆಳತಿಗೆ,

ನಿಮ್ಮ ಪತ್ರ ಬಂತು. ಅತ್ತೆಗೆ ಲಕ್ವ ಹೊಡೆದ ಮೇಲೆ ಹೊಲಿಗೆ ಮಷೀನಿಗೆ ಬಟ್ಟೆ ಮುಚ್ಚಿ ಎಂಟು ತಿಂಗಳಾಯಿತು ಎಂದು ಬರೆದಿದ್ದೀರಿ. ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದರಲ್ಲೇ ರಾತ್ರಿ ಕಳೆಯುತ್ತದೆ. ನೋಡಲು ಬಂದವರೆಲ್ಲ "ನಿಂಗೆ ಪುಣ್ಯ ಬರುತ್ತೆ ಬಿಡಮ್ಮ" ಎಂದು ಹೇಳಿ ಹೋಗುತ್ತಾರೆ. ಆ ಸಾಲು ಓದಿ ನಾಚಿಕೆಯಾಯಿತು. ನನ್ನ ಅಕ್ಕನಿಗೆ ಹಾಗೆ ಹೇಳಿ ಎದ್ದು ಹೋದವರಲ್ಲಿ ನಾನೂ ಒಬ್ಬ.

ಅಪ್ಪನಿಗೆ ಪಾರ್ಕಿನ್ಸನ್ಸ್ ಇತ್ತು. ಆರು ವರ್ಷ ನೋಡಿಕೊಂಡವಳು ಅಕ್ಕ. ನರ್ಸರಿ ಶಾಲೆಯ ಟೀಚರ್ ಕೆಲಸ ಬಿಟ್ಟಳು, ಚೀಟಿ ಕಟ್ಟುವುದನ್ನು ನಿಲ್ಲಿಸಿದಳು, ಮದುವೆ ಮುಂಜಿಗೆ ಹೋಗುವುದನ್ನೂ ಬಿಟ್ಟಳು. ಕೊನೆಕೊನೆಗೆ ಜನ ಕರೆಯುವುದನ್ನೇ ಬಿಟ್ಟರು. ನಾನು ತಿಂಗಳಿಗೊಮ್ಮೆ ಬೆಂಗಳೂರಿನಿಂದ ಮೋಸಂಬಿ ಹಿಡಿದು ಹೋಗಿ, "ಅಪ್ಪ ಸೊರಗಿದ್ದಾರಲ್ಲ" ಎಂದು ಸಂಜೆಯ ಬಸ್ಸು ಹತ್ತುತ್ತಿದ್ದೆ.

ಅಪ್ಪ ಹೋದ ಮೇಲೆ ಅಕ್ಕನ ಲೆಕ್ಕದ ಪುಸ್ತಕ ಕಣ್ಣಿಗೆ ಬಿತ್ತು. ಮಾತ್ರೆ, ಡೈಪರ್, ಗಾಳಿ ಹಾಸಿಗೆ, ಆಟೊ ಎಲ್ಲ ಬರೆದಿದ್ದಳು. ಪ್ರತಿ ತಿಂಗಳ ಮೊದಲ ಸಾಲು: "ತಮ್ಮ ಕಳಿಸಿದ್ದು 5,000". ಅವಳು ಬಿಟ್ಟುಕೊಟ್ಟ ಸಂಬಳ ಮಾತ್ರ ಯಾವ ಪುಟದಲ್ಲೂ ಇರಲಿಲ್ಲ. ಹೋಂ ನರ್ಸ್ ಕರೆಸಿದ್ದರೆ ಅದು ಖರ್ಚು ಎಂದಾಗುತ್ತಿತ್ತು. ಅಕ್ಕ ಮಾಡಿದ್ದರಿಂದ ಪುಣ್ಯ ಎಂದಾಯಿತು. ಪುಣ್ಯಕ್ಕೆ ಕಿರಾಣಿ ಅಂಗಡಿಯವನು ಅಕ್ಕಿ ಅಳೆದು ಕೊಡುತ್ತಾನೆಯೇ?

ಇದು ನಮ್ಮ ಮನೆಯ ಕಥೆ ಮಾತ್ರವಲ್ಲ, 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ನೋಡಿ. 15ರಿಂದ 59 ವಯಸ್ಸಿನ ಹೆಂಗಸರಲ್ಲಿ ಶೇ 41ರಷ್ಟು ಮಂದಿ ಮನೆಯವರ ಆರೈಕೆಗೆ ದಿನಕ್ಕೆ ಸುಮಾರು 140 ನಿಮಿಷ ಕೊಡುತ್ತಾರೆ. ಗಂಡಸರಲ್ಲಿ ಶೇ 21.4ರಷ್ಟು ಮಂದಿ, ಅದೂ 74 ನಿಮಿಷ. ಮಕ್ಕಳ ಪಾಲನೆಯೂ ಇದರಲ್ಲಿ ಸೇರಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಆರೈಕೆದಾರರ ಭತ್ಯೆಯ ಪ್ರಸ್ತಾಪವಿದೆ. ನಮ್ಮ ರಾಜ್ಯದ 2024–25ರ ಬಜೆಟ್ಟಿನಲ್ಲಿ ಪಾರ್ಕಿನ್ಸನ್ಸ್, ಸೆರೆಬ್ರಲ್ ಪಾಲ್ಸಿ ಸೇರಿದಂತೆ ನಾಲ್ಕು ಕಾಯಿಲೆಯವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಣೆಯಾಯಿತು. ಅಕ್ಕನ ಕಾಲಕ್ಕೆ ಅದೂ ಇರಲಿಲ್ಲ; ನಿಮ್ಮ ಅತ್ತೆಯ ಲಕ್ವ ಆ ನಾಲ್ಕರಲ್ಲಿ ಇಲ್ಲ. ಆದರೂ ಕೈಕಾಲು ಸ್ವಾಧೀನ ತಪ್ಪಿರುವುದರಿಂದ ಅವರಿಗೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್‌ಗೆ ಅರ್ಜಿ ಹಾಕಿಸಿ. ಅಂಗವಿಕಲ ವೇತನ ಕೇಳುವುದಕ್ಕೂ ಅದು ಬೇಕಾಗುತ್ತದೆ.

ಇನ್ನೊಂದು ಮಾತು. ಮುಂದಿನ ಸಲ ನಿಮ್ಮ ಮೈದುನ ಹಣ್ಣಿನ ಚೀಲ ಹಿಡಿದು ಬಂದರೆ, ತಿಂಗಳಿಗೆ ಎರಡು ಭಾನುವಾರ ಬಂದು ತಾಯಿಯ ಪಕ್ಕ ಇರಲು ಕೇಳಿ. ಸಂಕೋಚ ಬೇಡ. ಅಕ್ಕ ನನ್ನನ್ನು ಒಮ್ಮೆಯೂ ಕೇಳಲಿಲ್ಲ. ಅವಳು ಕೇಳಲಿಲ್ಲ ಎನ್ನುವುದನ್ನೇ ನಾನು ಆರು ವರ್ಷ ನೆಪ ಮಾಡಿಕೊಂಡೆ.

ಆ ಎರಡು ಭಾನುವಾರ ಮಷೀನಿನ ಮೇಲಿನ ಬಟ್ಟೆ ತೆಗೆಯಿರಿ. ತೆಗೆಯುವ ಮನಸ್ಸಾಗದಿದ್ದರೆ ಬಾಗಿಲು ಹಾಕಿಕೊಂಡು ನಿದ್ದೆ ಮಾಡಿ. ಎದ್ದ ಮೇಲೆ ಎರಡು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.

ಇಂತಿ,
ನಿಮ್ಮ ಪತ್ರಮಿತ್ರ