ಛೇ ಅಂದರೆ ಆರು

ನಮ್ಮ ಕಾಲೇಜಿನಲ್ಲಿ ಶಟಲ್ ಬ್ಯಾಡ್ಮಿಂಟನ್ ಆಡುವವರಿಗೆ ಬರವಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಹಿಂದಿನ ಅಂಗಳಕ್ಕೆ ಹೋಗಿ ನೋಡಿ, ನೆಟ್ ಇರಲಿ ಇಲ್ಲದಿರಲಿ ಮೂರು ಜೊತೆಯಾದರೂ ಆಡುತ್ತಿರುತ್ತವೆ. ಆಟ ಮುಗಿದ ಮೇಲಿನ ಚರ್ಚೆ ಮಾತ್ರ ಯಾವಾಗಲೂ ಕೈಯದ್ದೇ. ಯಾರ ಸ್ಮ್ಯಾಶ್ ಜೋರು, ಯಾರ ರಾಕೆಟ್ ಹಗುರ, ಗಟ್ಟಿಂಗ್ ಮಾಡಿಸಲು ಎಷ್ಟು ಕೊಟ್ಟೆ, ಇಷ್ಟೇ. ಕಾಲಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ಆದ್ದರಿಂದ ಈ ಲೇಖನ ಪೂರ್ತಿ ಕಾಲಿನ ಬಗ್ಗೆ.

ನಾನು ಕಾಮರ್ಸ್ ವಿದ್ಯಾರ್ಥಿನಿ, ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಬ್ಯಾಡ್ಮಿಂಟನ್ ಕೋರ್ಟಿನ ಉದ್ದ 13.4 ಮೀಟರ್. ಅದರಲ್ಲಿ ನಮ್ಮ ಪಾಲು ಅರ್ಧ, ಅಂದರೆ 6.7 ಮೀಟರ್. ಸಿಂಗಲ್ಸ್‌ನಲ್ಲಿ ಅಗಲ 5.18 ಮೀಟರ್. ನಮ್ಮ ಪಾಲಿನ ನಟ್ಟನಡುವೆ ನಿಂತರೆ ಯಾವ ಮೂಲೆಯೂ ನಾಲ್ಕು ಕಾಲು ಮೀಟರಿಗಿಂತ ದೂರವಿಲ್ಲ. ಕೈ ಚಾಚಿದರೆ ಸ್ವಲ್ಪ ದೂರ ಕಳೆಯಿತು. ಕೈಯಲ್ಲಿ ರಾಕೆಟ್ ಇದೆ, ನಿಯಮದ ಪ್ರಕಾರ ಅದರ ಉದ್ದ 68 ಸೆಂಟಿಮೀಟರ್ ಮೀರುವಂತಿಲ್ಲ, ಅದನ್ನೂ ಕಳೆಯಿರಿ. ಉಳಿಯುವುದು ಎರಡು ಮೂರು ಹೆಜ್ಜೆ. ಇಡೀ ಆಟ ನಿಂತಿರುವುದು ಆ ಎರಡು ಮೂರು ಹೆಜ್ಜೆಯ ಮೇಲೆ. ಅವು ಸರಿಯಾಗಿ ಬಿದ್ದರೆ ಹೊಡೆಯಲು ಸಮಯ ಸಿಗುತ್ತದೆ. ತಡವಾಗಿ ಬಿದ್ದರೆ ಎಷ್ಟು ಬೆಲೆಯ ರಾಕೆಟ್ ಹಿಡಿದಿದ್ದರೂ ಶಟಲ್ ನೆಲ ಕಾಣುತ್ತದೆ.

ಕಾಲಿನ ಅಭ್ಯಾಸಕ್ಕಾಗಿ ಕೋರ್ಟಿನಲ್ಲಿ ಆರು ಜಾಗ ಗುರುತಿಸುತ್ತಾರೆ. ನಮ್ಮ ಪಿ.ಇ. ಮೇಡಂ ಹೇಳಿಕೊಟ್ಟ ಸಂಖ್ಯೆಗಳು ಹೀಗಿವೆ: ನೆಟ್ ಬಳಿ ಬಲಕ್ಕೆ ಒಂದು, ಎಡಕ್ಕೆ ಎರಡು, ನಡುವಿನ ಬಲಬದಿ ಮೂರು, ಎಡಬದಿ ನಾಲ್ಕು, ಹಿಂದಿನ ಬಲ ಮೂಲೆ ಐದು, ಎಡ ಮೂಲೆ ಆರು. ಬಲಗೈ ಆಟಗಾರರಿಗೆ ಇವುಗಳಲ್ಲಿ ಅತಿ ಕಷ್ಟದ್ದು ಆರು. ಅಲ್ಲಿ ಹಿಂದೆ ಸರಿದು, ಮೈಯನ್ನು ಎಡಕ್ಕೆ ಬಾಗಿಸಿ, ತಲೆಯ ಮೇಲಿಂದ ಹೊಡೆಯಬೇಕು. ಹೊಡೆದ ಮೇಲೆ ಮೈಭಾರ ಪೂರ್ತಿ ಎಡಗಾಲಿನ ಮೇಲೆ ಇಳಿಯುತ್ತದೆ.

ಜುಲೈ ತಿಂಗಳಲ್ಲಿ ಒಂದು ಅಭ್ಯಾಸ ಪಂದ್ಯದಲ್ಲಿ ನಾನು ಬಿದ್ದದ್ದು ಆ ಆರನೇ ಮೂಲೆಯಲ್ಲೇ. ಶಟಲ್ ಆಚೆಗೆ ಹೋಯಿತು, ಪಾಯಿಂಟೂ ಬಂತು. ಆದರೆ ನಾನು ಇಳಿದ ಕಡೆ ಸಿಮೆಂಟಿನ ಮೇಲೆ ತೆಳ್ಳಗೆ ಮರಳಿತ್ತು. ಎಡ ಪಾದ ಒಳಕ್ಕೆ ಮಗುಚಿತು. ಸಂಜೆಯ ಹೊತ್ತಿಗೆ ಪಾದದ ಗಂಟು ಬದನೆಕಾಯಿಯಂತೆ ಊದಿ ಬಣ್ಣವೂ ಬದನೆಕಾಯಿಯದ್ದೇ ಆಗಿತ್ತು. ಎಕ್ಸ್-ರೇ ತೆಗೆಸಿದರು. ಮೂಳೆ ಮುರಿದಿರಲಿಲ್ಲ, ಲಿಗಮೆಂಟ್ ಎಳೆದಿತ್ತು. ಐಸ್, ಕ್ರೇಪ್ ಬ್ಯಾಂಡೇಜ್, ಕಾಲಿನ ಕೆಳಗೆ ಎರಡು ದಿಂಬು.

ನಾನೀಗ ದ್ವಿತೀಯ ಪಿಯುಸಿ. ಈ ತಂಡದಲ್ಲಿ ಆಡಲು ಇದೇ ಕೊನೆಯ ವರ್ಷ. ಮೇಡಂ ನೇರವಾಗಿ ಹೇಳಿದರು, “ನೋಡಮ್ಮಾ, ಕಾಲು ಗಟ್ಟಿಯಾದರೆ ಮಾತ್ರ ನಿನ್ನ ಹೆಸರು ಕಳಿಸ್ತೀನಿ. ಕುಂಟಿಕೊಂಡು ಆಡೋದು ಬೇಡ.”

ಫಿಸಿಯೋಥೆರಪಿಸ್ಟ್ ವಿವರಿಸಿದ ಒಂದು ವಿಷಯ ನನಗೆ ಹೊಸದಾಗಿತ್ತು. ನಮ್ಮ ಕೀಲುಗಳಲ್ಲಿ, ಸ್ನಾಯುಗಳಲ್ಲಿ ಪಾದ ಯಾವ ಕಡೆ ವಾಲುತ್ತಿದೆ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವ ನರಗಳಿವೆ. ಕಣ್ಣು ಮುಚ್ಚಿಕೊಂಡಿದ್ದರೂ ಪಾದ ಎಲ್ಲಿದೆ ಎಂದು ನಮಗೆ ಗೊತ್ತಾಗುವುದು ಅವುಗಳಿಂದ. ಕಾಲು ಉಳುಕಿದಾಗ ಆ ಸುದ್ದಿಯೂ ಮಂಕಾಗುತ್ತದೆ. ಊತ ಇಳಿದು ನೋವು ಹೋದ ಮೇಲೂ ಅದು ತಾನಾಗಿ ಪೂರ್ತಿ ಸರಿಯಾಗುವುದಿಲ್ಲ. ಅದಕ್ಕೇ ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕುವ ಸಂಭವ ಹೆಚ್ಚು. ಸಮತೋಲನದ ವ್ಯಾಯಾಮ ಮಾಡಿ ಅದನ್ನು ಮತ್ತೆ ಚುರುಕು ಮಾಡಬೇಕು. ಮೊದಲ ಪಾಠ ತೀರಾ ಸುಲಭದ್ದು: ಒಂದೇ ಕಾಲಿನ ಮೇಲೆ ಮೂವತ್ತು ಸೆಕೆಂಡು ನಿಲ್ಲುವುದು. ಸುಲಭ ಎಂದೆ, ಆದರೆ ಮೊದಲ ದಿನ ನನ್ನ ಎಡಗಾಲಿಗೆ ಹನ್ನೊಂದು ಸೆಕೆಂಡಿಗೇ ನಡುಕ ಬಂತು.

ಇಲ್ಲಿ ನಮ್ಮ ದಾದಿಮಾ ಬರುತ್ತಾರೆ. ಕನ್ನಡದಲ್ಲಿ ದಾದಿ ಎಂದರೆ ನರ್ಸ್, ನಮ್ಮ ಮನೆಯ ಉರ್ದುವಿನಲ್ಲಿ ದಾದಿ ಎಂದರೆ ಅಬ್ಬಾ ಅವರ ಅಮ್ಮ. ಈ ಸಲ ನಮ್ಮ ಮನೆಯಲ್ಲಿ ಎರಡೂ ಅರ್ಥ ಸರಿಹೊಂದಿತು. ಹೋದ ರಮಜಾನ್ ಕಳೆದ ಮೇಲೆ ದಾದಿಮಾ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಮೂಳೆಗೆ ಏನೂ ಆಗಿರಲಿಲ್ಲ, ಧೈರ್ಯ ಮಾತ್ರ ಹೋಗಿತ್ತು. ಗೋಡೆ ಹಿಡಿಯದೆ ನಡೆಯುತ್ತಿರಲಿಲ್ಲ, ನಮಾಜನ್ನು ಕುರ್ಚಿಯ ಮೇಲೆ ಕೂತೇ ಮಾಡುತ್ತಿದ್ದರು. ನನ್ನ ಗಂಟು ಊದಿದ್ದ ದಿನಗಳಲ್ಲಿ ಅವರ ಪಕ್ಕದಲ್ಲಿ ನಾನೂ ಒಂದು ಕುರ್ಚಿ ಹಾಕಿಕೊಂಡೆ. ಆಗ ಒಂದು ದಿನ ಅವರು ಮೆಲ್ಲಗೆ, “ಅಲ್ಲಾಹ್ ಕುರ್ಚಿಯ ನಮಾಜನ್ನೂ ಒಪ್ಪಿಕೊಳ್ತಾನೆ ಬೇಟಿ, ಆದರೆ ನಿಂತು ಮಾಡುವ ಆಸೆ ಹೋಗಿಲ್ಲ” ಎಂದರು.

ಅವರಿಗೂ ಫಿಸಿಯೋಥೆರಪಿಸ್ಟ್ ಬರೆದುಕೊಟ್ಟಿದ್ದ ವ್ಯಾಯಾಮದ ಚೀಟಿ ಇತ್ತು, ಔಷಧಿ ಡಬ್ಬದಲ್ಲಿ ಮಡಿಸಿ ಇಟ್ಟಿದ್ದರು. ತೆಗೆದು ನೋಡಿದರೆ ನನ್ನದಕ್ಕೂ ಅವರದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಗಟ್ಟಿ ಆಸರೆ ಹಿಡಿದು ಹಿಮ್ಮಡಿ ಎತ್ತುವುದು, ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ನಿಲ್ಲುವುದು, ಪಕ್ಕದಲ್ಲಿ ಒಬ್ಬರಿದ್ದಾಗ ಒಂದು ಕಾಲು ಸ್ವಲ್ಪ ಎತ್ತುವುದು. ಹದಿನೇಳು ವರ್ಷದವಳಿಗೂ ಎಪ್ಪತ್ತು ದಾಟಿದವರಿಗೂ ಒಂದೇ ಸಿಲೆಬಸ್. ಅಸರ್ ನಮಾಜ್ ಆದ ಮೇಲೆ ಅಮ್ಮಿ ಅವರ ಕೈ ಹಿಡಿದು ತಾರಸಿಗೆ ಕರೆತರುತ್ತಿದ್ದರು, ನಾನು ಕುರ್ಚಿ ಹಿಡಿದು ಹಿಂದೆ. ಮಗ್ರಿಬ್ ಅಜಾನ್ ಆಗುವವರೆಗೆ ನಮ್ಮ ತರಗತಿ.

ನಮ್ಮ ತಾರಸಿ ಅರ್ಧ ಕೋರ್ಟಿಗಿಂತಲೂ ಚಿಕ್ಕದು, ಐದನೇ ಮೂಲೆಯಲ್ಲಿ ನೀರಿನ ಟ್ಯಾಂಕ್ ಕೂತಿದೆ. ಆದರೂ ಚಾಕ್‌ಪೀಸಿನಿಂದ ಆರು ವೃತ್ತ ಬರೆದೆ, ನಡುವೆ ಒಂದು ಚೌಕ. ಕಾಲಿನ ಅಭ್ಯಾಸದ ದೊಡ್ಡ ಲಾಭ ಇಲ್ಲಿಯೇ ಇದೆ. ಒಳಾಂಗಣ ಕೋರ್ಟಿಗೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಡಬೇಕು. ಗರಿಯ ಶಟಲ್ ಕೆಲವೇ ಆಟಕ್ಕೆ ಉದುರಿಹೋಗುತ್ತದೆ. ಹೆಜ್ಜೆಯ ಅಭ್ಯಾಸಕ್ಕೆ ಶಟಲ್ ಬೇಡ, ನೆಟ್ ಬೇಡ, ಎದುರಾಳಿಯೂ ಬೇಡ. ತಾರಸಿಯ ಗಾಳಿಗೆ ಶಟಲ್ ನಿಲ್ಲುವುದಿಲ್ಲ, ಆದರೆ ಗಾಳಿ ಕಾಲಿಗೆ ಏನು ಮಾಡೀತು?

ಮೊದಲು ನಡಿಗೆಯ ವೇಗದಲ್ಲಿ ಮಾಡಿದೆ. ಚೌಕದಲ್ಲಿ ನಿಂತು, ಪಾದಗಳನ್ನು ಭುಜದಷ್ಟು ಅಗಲಿಸಿ, ಮಂಡಿ ಸ್ವಲ್ಪ ಮಡಿಸಿ, ಭಾರವನ್ನು ಪಾದದ ಮುಂಭಾಗಕ್ಕೆ ತರಬೇಕು. ಎದುರಾಳಿ ಶಟಲ್ ಹೊಡೆಯುವ ಹೊತ್ತಿಗೆ ಸರಿಯಾಗಿ ಒಂದು ಪುಟ್ಟ ನೆಗೆತ. ಇದಕ್ಕೆ ಸ್ಪ್ಲಿಟ್ ಸ್ಟೆಪ್ ಎನ್ನುತ್ತಾರೆ. ಎರಡೂ ಕಾಲು ಒಟ್ಟಿಗೆ ನೆಲ ಮುಟ್ಟಿದಾಗ ಸ್ನಾಯುಗಳು ಸ್ಪ್ರಿಂಗಿನಂತೆ ಬಿಗಿಯಾಗಿ, ಯಾವ ಕಡೆಗಾದರೂ ಹೊರಡಲು ಸಿದ್ಧವಾಗುತ್ತವೆ. ನೆಟ್ ಕಡೆ ಹೋಗುವಾಗ ಕೊನೆಯ ಹೆಜ್ಜೆ ಬಲಗಾಲಿನದು, ಉದ್ದದ್ದು. ಹಿಮ್ಮಡಿ ಮೊದಲು ಊರಬೇಕು, ಮಂಡಿ ಮತ್ತು ಕಾಲ್ಬೆರಳು ಒಂದೇ ದಿಕ್ಕಿಗೆ ನೋಡಬೇಕು, ಮಂಡಿ ಒಳಕ್ಕೆ ವಾಲಬಾರದು. ಬದಿಗೆ ಹೋಗುವಾಗ ಒಂದು ಕಾಲು ಇನ್ನೊಂದನ್ನು ಅಟ್ಟಿಸಿಕೊಂಡು ಹೋಗುತ್ತದೆ. ಹಿಂದಿನ ಮೂಲೆಗಳಲ್ಲಿ ಗಾಳಿಯಲ್ಲೇ ಕಾಲು ಅದಲುಬದಲಾಗಿ, ಎಡಗಾಲು ಹಿಂದೆ ಇಳಿದು, ಬಲಗಾಲು ಮುಂದಕ್ಕೆ ಬಂದು ನಮ್ಮನ್ನು ಎಳೆದುಕೊಂಡು ಬರಬೇಕು. ಎಲ್ಲಕ್ಕಿಂತ ಮುಖ್ಯ, ಎಲ್ಲಿಗೆ ಹೋದರೂ ಚೌಕಕ್ಕೆ ವಾಪಸ್ ಬರಬೇಕು. ಪ್ರತಿ ಡೆಬಿಟ್‌ಗೂ ಒಂದು ಕ್ರೆಡಿಟ್ ಇರಲೇಬೇಕು, ಇಲ್ಲವಾದರೆ ಲೆಕ್ಕ ಟ್ಯಾಲಿ ಆಗುವುದಿಲ್ಲ.

ಯಾವ ಮೂಲೆ ಎಂದು ನಾವೇ ತೀರ್ಮಾನಿಸಿಕೊಂಡು ಓಡಿದರೆ ಕಾಲಿಗೆ ಮೊದಲೇ ಗೊತ್ತಿರುತ್ತದೆ. ಬೇರೆಯವರು ಸಂಖ್ಯೆ ಕೂಗಿದರೆ ಮಾತ್ರ ಚುರುಕುತನ ಬರುತ್ತದೆ. ಆ ಕೆಲಸ ದಾದಿಮಾ ವಹಿಸಿಕೊಂಡರು. ಕುರ್ಚಿಯಲ್ಲಿ ಕೂತು ತಸ್ಬೀಹ್ ಮಡಿಲಲ್ಲಿಟ್ಟು, “ಚಾರ್! ದೋ! ಛೇ! ಏಕ್! ಛೇ!” ಎಂದು ಕೂಗುವರು. ಇಪ್ಪತ್ತು ಸೆಕೆಂಡು ಓಟ, ನಲವತ್ತು ಸೆಕೆಂಡು ವಿರಾಮ. ನನ್ನ ಕಾಲು ಹೆದರುವುದು ಆರಕ್ಕೆ ಎಂದು ಅವರಿಗೆ ಹೇಗೋ ತಿಳಿದುಬಿಟ್ಟಿತ್ತು, ಆರನ್ನೇ ಹೆಚ್ಚು ಕೂಗುತ್ತಿದ್ದರು. ಒಂದು ವಾರದ ನಂತರ ಪಕ್ಕದ ಮನೆಯ ಆಂಟಿ ಕಾಂಪೌಂಡ್ ಬಳಿ ಅಮ್ಮಿಯನ್ನು ತಡೆದು, “ಪಾಪ, ಆ ಹುಡುಗಿ ಅಷ್ಟು ಕಷ್ಟಪಡ್ತಾ ಇದೆ, ಅಜ್ಜಿ ಯಾಕೆ ದಿನಾ ಛೇ ಛೇ ಅಂತ ಬೈತಾರೆ?” ಎಂದು ಕೇಳಿದರಂತೆ. ಛೇ ಅಂದರೆ ಉರ್ದುವಿನಲ್ಲಿ ಆರು ಎಂದು ಅಮ್ಮಿ ತಿಳಿಸಿ ಹೇಳಬೇಕಾಯಿತು. ಮರುದಿನದಿಂದ ಆಂಟಿಯೂ ಬಟ್ಟೆ ಒಣಹಾಕುವ ನೆಪದಲ್ಲಿ ತಮ್ಮ ತಾರಸಿಗೆ ಬಂದು, “ಅಜ್ಜೀ, ಐದು ಕರೀರಿ, ಐದು ಕರೆದೇ ಇಲ್ಲ” ಎಂದು ಸೇರಿಕೊಂಡರು.

ಜಾಗವಿಲ್ಲ, ಸೌಕರ್ಯವಿಲ್ಲ ಎಂದು ಬೇಸರವಾದಾಗ ಪ್ರಕಾಶ್ ಪಡುಕೋಣೆಯವರನ್ನು ನೆನೆಯಬಹುದು. ಅವರು ಆಟ ಕಲಿತದ್ದು ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ. ಮದುವೆಗಳು ನಡೆಯುತ್ತಿದ್ದ ಸಭಾಂಗಣ ಅದು, ಮದುವೆಯಿದ್ದ ದಿನ ಆಟವಿಲ್ಲ. ಅಲ್ಲಿಂದ ಹೊರಟವರು 1980ರಲ್ಲಿ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಇಂಡೋನೇಷ್ಯಾದ ಲೀಮ್ ಸ್ವೀ ಕಿಂಗ್ ಅವರನ್ನು 15–3, 15–10ರಿಂದ ಸೋಲಿಸಿದರು. ಕಿಂಗ್ ಹೆಸರುವಾಸಿಯಾಗಿದ್ದದ್ದು ನೆಗೆದು ಹೊಡೆಯುವ ಸ್ಮ್ಯಾಶ್‌ಗೆ, ಪ್ರಕಾಶ್ ನಿಯಂತ್ರಣಕ್ಕೆ. ಸಮಯಕ್ಕೆ ಸರಿಯಾಗಿ ಶಟಲ್ ಕೆಳಗೆ ಬಂದು ನಿಲ್ಲುವ ಕಾಲಿಲ್ಲದೆ ಅಂಥ ನಿಯಂತ್ರಣ ಸಾಧ್ಯವಿಲ್ಲ.

ಸೆಪ್ಟೆಂಬರ್ ಹೊತ್ತಿಗೆ ಎಡಗಾಲಿನ ಮೇಲೆ ಕಣ್ಣು ಮುಚ್ಚಿ ಮೂವತ್ತು ಸೆಕೆಂಡು ನಿಲ್ಲುತ್ತಿದ್ದೆ. ಮೇಡಂ ಕಾಲೇಜಿನ ಅಂಗಳದಲ್ಲಿ ಆರೂ ಮೂಲೆ ಓಡಿಸಿ ನೋಡಿ, ಏನೂ ಹೇಳದೆ ಪಟ್ಟಿಯಲ್ಲಿ ಹೆಸರು ಬರೆದರು. ತಾಲ್ಲೂಕು ಮಟ್ಟದಲ್ಲಿ ನಮ್ಮ ತಂಡ ಗೆದ್ದಿತು. ಜಿಲ್ಲಾ ಮಟ್ಟದ ಎರಡನೇ ಸುತ್ತಿನಲ್ಲಿ ಸೋತೆವು. ನನ್ನ ಪಂದ್ಯ ಮೂರನೇ ಗೇಮ್‌ಗೆ ಹೋಗಿ 17–21ಕ್ಕೆ ಮುಗಿಯಿತು. ಎದುರಿನ ಹುಡುಗಿ ನಮಗಿಂತ ಚೆನ್ನಾಗಿ ಆಡಿದಳು, ನನ್ನ ಆರನೇ ಮೂಲೆಗೆ ಮತ್ತೆ ಮತ್ತೆ ಕಳಿಸಿದಳು. ಪ್ರತಿ ಸಲ ಅಲ್ಲಿಗೆ ಹೋದೆ, ಎಡಗಾಲಿನ ಮೇಲೆ ಇಳಿದೆ, ನಡುವಿಗೆ ವಾಪಸ್ ಬಂದೆ. ಅಂಕಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ, ನನಗೆ ಅದು ಸಾಕು.

ದಾದಿಮಾ ಈಗ ಮಗ್ರಿಬ್‌ನ ಫರ್ಜ್ ಮೂರು ರಕಾತ್ ನಿಂತು ಮಾಡುತ್ತಾರೆ. ಕುರ್ಚಿ ಹಿಂದೆಯೇ ಇರುತ್ತದೆ, ಅಮ್ಮಿ ಪಕ್ಕದಲ್ಲಿರುತ್ತಾರೆ. ಉಳಿದ ನಮಾಜುಗಳಿಗೆ ಇನ್ನೂ ಕುರ್ಚಿಯೇ.

ಶುರು ಮಾಡಬೇಕೆನ್ನುವ ಸ್ನೇಹಿತ ಸ್ನೇಹಿತೆಯರಿಗೆ ಕೆಲವು ಮಾತು. ನೆಲ ಗುಡಿಸಿ, ಒದ್ದೆ ಇಲ್ಲದಂತೆ ನೋಡಿಕೊಳ್ಳಿ. ಓಟದ ಶೂಗಳ ಹಿಮ್ಮಡಿ ದಪ್ಪ, ಬದಿಗೆ ಚಲಿಸುವಾಗ ಪಾದ ಮಗುಚುವ ಸಂಭವ ಹೆಚ್ಚು. ತೆಳುವಾದ, ನೆಲ ಹಿಡಿಯುವ ಅಡಿಯಿರುವ ಶೂ ಒಳ್ಳೆಯದು. ಮೊದಲ ವಾರ ನಿಧಾನವಾಗಿ, ಹೆಜ್ಜೆ ಸರಿಯಾದ ಮೇಲೆ ವೇಗ. ಉಳುಕಿದ್ದರೆ ವೈದ್ಯರು ಹೇಳುವವರೆಗೆ ನೆಗೆಯಬೇಡಿ. ವಾರಕ್ಕೆ ಮೂರು ದಿನ, ದಿನಕ್ಕೆ ಹದಿನೈದು ನಿಮಿಷದಿಂದ ಆರಂಭಿಸಿದರೆ ಸಾಕು.

ಸಂಖ್ಯೆ ಕೂಗಲು ಯಾರೂ ಸಿಗದಿದ್ದರೆ ನಮ್ಮ ಮನೆಗೆ ಬನ್ನಿ. ಅಸರ್ ಆದ ಮೇಲೆ ದಾದಿಮಾ ಬಿಡುವಾಗಿರುತ್ತಾರೆ.