ಎದುರಮನಿ ನಾಯಿಗೆ ಗಾಡಿ ಬಡದ್ರ

ಆಕಳ ಕೆಚ್ಚಲ ಬಾತರ ಏನ ಮಾಡಬೇಕು, ಎಮ್ಮಿ ಈಯೂ ಹೊತ್ತಿನ್ಯಾಗ ಯಾರನ್ನ ಕರೀಬೇಕು, ಇದನ್ನ ನಮ್ಮ ಕಡೆ ಹೆಣ್ಣಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅತ್ತಿಯವರ ಕೈಯಾಗ ನೋಡಿ ಕಲತಿರ್ತೇವಿ. ಆದ್ರ ಮಂದಿ ಮನಿ ನಾಯಿಗೆ ಗಾಡಿ ಬಡದು ಬಿದ್ದರ? ಸಾಕಿದವರು ಊರಾಗ ಇಲ್ಲದಿದ್ರ? ಆಗ ಎಂಥಾ ಗಟ್ಟಿ ಹೆಣ್ಣಮಗಳಾದ್ರೂ ಬಾಗಲದಾಗ ನಿಂತು "ಅಯ್ಯ ಪಾಪ" ಅಂತಾಳ, ಹೊಚ್ಚಲ ದಾಟಿ ಇಳಿಯೂದಿಲ್ಲ. ಕರುಣೆ ಇಲ್ಲ ಅಂತಲ್ಲ. "ನನ್ನ ಕೈಯಾಗ ಸತ್ತರ ಮಾತು ನನ್ನ ಮ್ಯಾಲ ಬರ್ತೈತಿ" ಅನ್ನೂ ಅಂಜಿಕಿ. ಹೋದ ಸುಗ್ಗ್ಯಾಗ ನಮ್ಮ ಓಣ್ಯಾಗ ಆದದ್ದನ್ನ ಫೋನಿನ್ಯಾಗ ಹೇಳಿದಾಗ ಶಿಗ್ಗಾಂವಿ ಅಕ್ಕ, ಸವಣೂರ ಚಿಗವ್ವ ಇಬ್ಬರೂ "ಅದನ್ನ ಬರದ ಹಾಕು, ನಾಳೆ ನಮಗೂ ಬೇಕಾದೀತು" ಅಂದ್ರು. ಅದಕ್ಕ ಬರದೇನಿ.

ನಮ್ಮ ಹಾನಗಲ್ಲ ಮನಿ ಎದುರಿಗೆ ದೊಡ್ಡವ್ವ ಒಬ್ಬರ ಇರ್ತಾರ. ಬಳಗ ಅಲ್ಲ, ಹಂಗ ಕರಕೋಂತ ಬಂದದ್ದು. ಯಜಮಾನ್ರು ತೀರಿಕೊಂಡ ಎರಡು ವರ್ಷ ಆತು. ಅವರು ಸಾಕಿದ ನಾಯಿ ಕರಿಯ. ಜಾತಿ ನಾಯಿ ಏನಲ್ಲ, ಊರ ಕುನ್ನಿ. ಅವರು ಕುಂದ್ರತಿದ್ದ ಕಟ್ಟಿ ಮ್ಯಾಲ ಈಗ ಅದು ಮಲಗತೈತಿ. ರಾತ್ರಿ ದೊಡ್ಡವ್ವ ಅದರ ಕೂಡ ಮಾತಾಡೂದು ನಮ್ಮ ಕಿಡಕಿಗೆ ಕೇಳತೈತಿ: "ಇವತ್ತ ಪಲ್ಯಾಕ ಉಪ್ಪ ಕಡಿಮಿ ಆತಲ್ಲೋ, ನಿನಗೂ ಹಂಗ ಅನಸ್ತೇನು?" ಖರೇ ಹೇಳಬೇಕಂದ್ರ ನನಗ ಅದರ ಮ್ಯಾಲ ಬಾಳ ಪ್ರೀತಿ ಏನಿರಲಿಲ್ಲ. ನಾ ಹಾಕಿದ ರಂಗೋಲಿ ಮ್ಯಾಲ ದಿನಾ ಹೊರಳತಿತ್ತು. ಅದರ ಸಲುವಾಗಿ ಎರಡೂ ಮನಿಗೆ ಒಂದೆರಡ ಸಲ ಮಾತಾಗಿದ್ದೂ ಉಂಟು.

ಆವತ್ತು ದೊಡ್ಡವ್ವ ಮೊಮ್ಮಗಳ ಕುಬಸಕ್ಕ ಹಿರೇಕೆರೂರಿಗೆ ಹೋಗಿದ್ರು. ಗೋವಿನಜೋಳ ಹೇರಿದ ಟ್ರ್ಯಾಕ್ಟರ್ ಓಣಿ ಬಾಯಾಗ ತಿರುಗೂವಾಗ ಹಿಂದಿನ ಟ್ರೇಲರ್ ಕರಿಯಗ ಬಡೀತು. ಗಾಡಿ ಹೊಡಿಯೂ ಹುಡುಗ ನಿಂದ್ರಿಸಿ ಇಳದ. ಅಂವನ ಮಾರಿನೂ ಬಿಳಚಿಕೊಂಡಿತ್ತು. ಕರಿಯ ತೆವಳಿಕೋಂತ ಹೋಗಿ ಕಟ್ಟಿ ಬುಡಕ ಸೇರಿ ಗುರ್ ಅನ್ನಾಕತ್ತಿತು. ಆ ಹುಡುಗ ಪಾಪ ಎತ್ತಿಕೊಳ್ಳಾಕ ಕೈ ಚಾಚಿದ, ಬೆರಳಿಗೆ ಕಡೀತು.

ಇದನ್ನ ಮೊದಲ ತಿಳಕೋಬೇಕ್ರಿ. ಎಂಥಾ ಸಾಧು ನಾಯಿ ಇರಲಿ, ನೋವಿನ್ಯಾಗ ತನ್ನ ಸಾಕಿದವರನ್ನೂ ಕಡೀತೈತಿ. ಎದುರಿನಿಂದ ಹೋಗಿ ಬಗ್ಗಬಾರದು. ಬಾಜೂಕಿಂದ ಸಾವಕಾಶ ಹೋಗಿ, ಹೆಸರ ಹಿಡದು ಮಾತಾಡಿಸಬೇಕು. ಹಳೇ ವೇಲು ಇಲ್ಲಾ ಮೆತ್ತನ ಅರಿವಿ ಪಟ್ಟಿ ತಗೊಂಡು, ಮೂಗಿನ ಹೊಳ್ಳಿ ಮುಚ್ಚಲಾರದಂಗ ಬಾಯಿ ಕಟ್ಟಬೇಕು. ಅದು ವಾಂತಿ ಮಾಡಾಕತ್ತಿದ್ರ, ತೇಕಾಕತ್ತಿದ್ರ ಕಟ್ಟಬಾರದು, ಉಸರ ಕಟ್ಟೀತು. ನಾವು ದಪ್ಪನ ಚಾದರ ನೆಲಕ್ಕ ಹಾಸಿ, ಬೆನ್ನು ಸೊಂಟ ಬಾಗಲಾರದಂಗ ಕರಿಯನ್ನ ಅದರ ಮ್ಯಾಲ ಸರಿಸಿ, ನಾಕ ಮಂದಿ ನಾಕ ಮೂಲಿ ಹಿಡದು ಎತ್ತಿದ್ವಿ. ರಕ್ತ ಸೋರೂ ಕಡೆ ಸ್ವಚ್ಛ ಅರಿವಿ ಇಟ್ಟು ಒತ್ತಿ ಹಿಡದ್ವಿ. ಮುರದ ಕಾಲು ಎಳದು ನೆಟ್ಟಗ ಮಾಡಾಕ ಹೋಗಲಿಲ್ಲ.

ಅಷ್ಟರಾಗ ಓಣಿ ಮಂದಿ ಕೂಡಿದ್ರು. ಒಬ್ಬಾಕಿ ಹಾಲು ತಂದ್ಲು, ಒಬ್ಬಾಕಿ ಅರಿಷಿಣ ತಂದ್ಲು, ಮತ್ತೊಬ್ಬಾಕಿ ತನ್ನ ಮೊಣಕಾಲ ನೋವಿನ ಗುಳಿಗಿ ತಂದ್ಲು. ಎಲ್ಲಾರದೂ ಒಳ್ಳೇ ಮನಸ. ಆದ್ರ ಬಾಯಿಗೆ ಏನೂ ಹಾಕಬಾರದ್ರಿ. ಆಪರೇಶನ್ ಮಾಡೂ ಪ್ರಸಂಗ ಬಂದ್ರ ಹೊಟ್ಟಿ ಖಾಲಿ ಇರೂದು ಚಲೋ. ಮನುಷ್ಯರ ನೋವಿನ ಗುಳಿಗಿ ಅಂತೂ ಬ್ಯಾಡೇ ಬ್ಯಾಡ. ನಾವು ಜ್ವರಕ್ಕ ನುಂಗೂ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಐಬುಪ್ರೊಫೆನ್ ನಾಯಿ ಹೊಟ್ಟಿ, ಮೂತ್ರಪಿಂಡ ಕೆಡಸತೈತಿ. ತುಟಿ ಎತ್ತಿ ವಸಡ ನೋಡಬೇಕಂತ: ಗುಲಾಬಿ ಬಣ್ಣ ಇದ್ರ ಸ್ವಲ್ಪ ಧೈರ್ಯ, ಬೆಳ್ಳಗ ಸುಣ್ಣದಂಗ ಆಗಿದ್ರ ಒಳಗ ರಕ್ತ ಹೋಗಾಕತ್ತಿರಬಹುದು, ಒಂದ ನಿಮಿಷನೂ ತಡಾ ಮಾಡಬಾರದು. ಇದರಾಗ ಒಂದಿಷ್ಟು ನನಗ ಮೊದಲ ಗೊತ್ತಿತ್ತು, ಉಳದದ್ದು ಆಮ್ಯಾಲ ಪಶು ಡಾಕ್ಟರು ಬಿಡಿಸಿ ಹೇಳಿದ್ದು.

ಹುಡುಗನ ಬೆರಳ ಮಾತು ಸಣ್ಣದಲ್ಲ. ಒಬ್ಬರು ಖಾರಪುಡಿ ಅಂದ್ರು, ಒಬ್ಬರು ಸುಣ್ಣ ಅಂದ್ರು. ನಾನು ನಳದ ಕೆಳಗ ಕೈ ಹಿಡಿಸಿ, ಸಾಬೂನ ಹಚ್ಚಿ, ಗಡಿಯಾರ ನೋಡಿ 15 ನಿಮಿಷ ತೊಳಿಸಿದೆ. ಹುಚ್ಚು ನಾಯಿ ರೋಗ ಒಮ್ಮಿ ಏರಿತಂದ್ರ ಜೀವ ಉಳಿಯೂದು ಇಲ್ಲೇ ಇಲ್ಲ ಅನ್ನಬಹುದು. ಆದ್ರ ಕಡದ ಕೂಡಲೆ ತೊಳದು ಸೂಜಿ ಹಾಕಿಸಿಕೊಂಡ್ರ ತಡೀಬಹುದು. ಲೂಯಿ ಪಾಶ್ಚರ್ 1885ರಾಗ ಒಬ್ಬ ಹುಡುಗಗ ಮೊದಲ ಸಲ ಈ ಲಸಿಕಿ ಹಾಕಿ ಉಳಿಸಿದ ಕಥಿ ನಾವೂ ಸಾಲ್ಯಾಗ ಓದೇವಿ. ಕರಿಯಗ ವರ್ಷಾ ಸೂಜಿ ಹಾಕಸ್ತಿದ್ರು ಖರೇ, ಅಂದ್ರೂ ಹುಡುಗನ್ನ ಸರಕಾರಿ ದವಾಖಾನಿಗೆ ಕಳಿಸಿದ್ವಿ. ಮೊದಲ ಸೂಜಿ ದಿನಾ ಸೊನ್ನಿ ಅಂತ ಹಿಡದು 3, 7, 28ನೇ ದಿನಾ ಮತ್ತ ಹೋಗಬೇಕಂದ್ರು. ನಡೂವ ಬಿಡಬಾರದು.

1962 ನಂಬರಿಗೆ ಫೋನ್ ಹಚ್ಚಿದ್ರ ಪಶುಪಾಲನಾ ಇಲಾಖಿಯ ಪಶು ಸಂಜೀವಿನಿ ಗಾಡಿ ಇದ್ದಲ್ಲೇ ಬರೂ ವ್ಯವಸ್ಥಾ ಐತಿ. ಹಳ್ಳಿ ಮಂದಿಗೆ, ಹೊಲದಾಗ ದನ ಬಿದ್ದವರಿಗೆ ಇದು ದೊಡ್ಡ ಅನುಕೂಲ. ನಮಗ ಪಶು ಆಸ್ಪತ್ರಿ ಹತ್ತಿರ ಇದ್ದದ್ದಕ್ಕ ಟಂಟಂ ಮಾಡಿಕೊಂಡು ಹೊಂಟ್ವಿ.

ಇನ್ನ ಬಾಳ ಬಿರಿ ಕೆಲಸ. ದೊಡ್ಡವ್ವಗ ಹೇಳೂದು ಯಾವಾಗ? "ಕುಬಸ ಮುಗೀಲಿ, ಈಗ ಹೇಳಿ ಯಾಕ ಅಳಸ್ತಿ" ಅಂದ್ರು ಒಬ್ಬರು. "ಏನಿಲ್ಲ, ಸಣ್ಣ ಗಾಯ ಅಂತ ಹೇಳು" ಅಂದ್ರು ಇನ್ನೊಬ್ಬರು. "ಮುದಿ ನಾಯಿ, ಡಾಕ್ಟರಿಗೆ ಹೇಳಿ ಸೂಜಿ ಕೊಟ್ಟು ಮಲಗಿಸಿಬಿಡ್ರಿ, ಅಕಿ ಬರೂದ್ರಾಗ ಮುಗದಿರಲಿ" ಅಂದವರೂ ಅದಾರ. ನನಗ ಮಾತ್ರ, ಅವರ ಮನಿ ಜೀವದ ಮಾತು ಅವರ ಬಾಯಿಂದನ ಬರಬೇಕು ಅನಿಸ್ತು. ಟಂಟಂದಾಗ ಕುಂತ ಫೋನ್ ಮಾಡಿದೆ.

"ದೊಡ್ಡವ್ವಾರ, ಕರಿಯಗ ಟ್ರ್ಯಾಕ್ಟರ್ ಬಡದೈತಿ. ಜೀವ ಐತಿ. ಹಿಂದಿನ ಕಾಲ ಮುರದಂಗ ಕಾಣತೈತಿ. ದವಾಖಾನಿಗೆ ಒಯ್ಯಾಕತ್ತೇವಿ. ಡಾಕ್ಟರ್ ನೋಡಿದ ಕೂಡಲೆ ಮತ್ತ ಮಾಡ್ತೇನ್ರಿ."

ಆಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಸೋಬಾನ ಪದಾ ಕೇಳತಿತ್ತು. ಆಮ್ಯಾಲ ಅಂದ್ರು: "ನನ್ನ ಕೇಳಲಾರದ ಅದನ್ನ ಮಲಗಸಬ್ಯಾಡ್ರವಾ."

ಅಷ್ಟ. ಆ ಒಂದ ಮಾತು ಇರಲಿಲ್ಲಂದ್ರ ನಾನು ಆವತ್ತು ಮಂದಿ ಮಾತಿಗೆ ಹೂಂ ಅಂತಿದ್ದೆನೋ ಏನೋ, ಹೇಳಾಕಾಗೂದಿಲ್ಲ.

ಡಾಕ್ಟರು ನೋಡಿ ನೋವಿಗೆ ಸೂಜಿ ಕೊಟ್ಟು ಕಟ್ಟು ಕಟ್ಟಿದ್ರು. ತೊಡಿ ಎಲುಬು ಪುಡಿ ಆಗೇತಿ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಒಯ್ಯಿರಿ ಅಂದ್ರು. ದೊಡ್ಡವ್ವನ ಅಳಿಯ ಗಾಡಿ ತಗೊಂಡ ಬಂದ್ರು, ದೊಡ್ಡವ್ವನೂ ಜೋಡಿ ಹೋದ್ರು. ಕಾಲು ಉಳೀಲಿಲ್ಲ, ತಗೀಬೇಕಾತು. ನಾಯಿ ಮೂರ ಕಾಲಮ್ಯಾಲ ಚಲೋ ಬದುಕ್ತಾವ ಅಂತ ಅಲ್ಲೆ ಧೈರ್ಯ ಹೇಳಿದ್ರಂತ. ಹಂಗ ಆತು. ತಿಂಗಳದಾಗ ಕಟ್ಟಿ ಏರಾಕ ಕಲೀತು.

ಓಣ್ಯಾಗ ಮಾತು ತಪ್ಪಲಿಲ್ಲ. "ಹಾದಿ ನಾಯಿಗೆ ಇಷ್ಟ ಖರ್ಚ ಮಾಡಿದ್ಲು, ಆ ರೊಕ್ಕದಾಗ ಒಂದ ಆಕಳ ಬರತಿತ್ತು" ಅಂದ್ರು. ದೊಡ್ಡವ್ವ ಸಿಟ್ಟಿಗೆ ಬರಲಿಲ್ಲ. "ಆಕಳ ಅವರ ಕಟ್ಟಿ ಮ್ಯಾಲ ಮಲಗತಿತ್ತೇನು?" ಅಂತ ಕೇಳಿದ್ರು.

ನಾಯಿಗೆ ಇಷ್ಟ ಯಾಕ ಅನ್ನೂದು ಈಗಿನ ಷೋಕಿ ಮಾತಲ್ರಿ. ಮದ್ದೂರ ತಾಲೂಕಿನ ಆತಕೂರಿನಾಗ ಸುಮಾರು 950ರ ಹೊತ್ತಿನ ಕಲ್ಲು ಸಿಕ್ಕೇತಿ. ಗಂಗರ ಬೂತುಗ ರಾಜ ತನ್ನ ಬಂಟ ಮಣಲೇರಗ "ಏನ ಬೇಕು ಕೇಳು" ಅಂದಾಗ ಅಂವ ಕೇಳಿದ್ದು ಕಾಳಿ ಅನ್ನೂ ನಾಯಿನ್ನ. ಆ ಕಾಳಿ ಕಾಡಹಂದಿ ಕೂಡ ಕಾದಾಡಿ, ಎರಡೂ ಸತ್ತವು. ನಾಯಿ ನೆನಪಿಗೆ ಕಲ್ಲು ನಿಂದ್ರಿಸಿ, ಪೂಜಾಕ್ಕ ಭೂಮಿನೂ ಬಿಟ್ರು. ಆ ಕಲ್ಲು ಈಗ ಬೆಂಗಳೂರ ಮ್ಯೂಸಿಯಮ್ಮಿನ್ಯಾಗ ಐತಿ. ನಮ್ಮ ಜಿಲ್ಲೆಯ ದೇವರಗುಡ್ಡಕ್ಕ ಹೋದವರಿಗೆ ಗೊತ್ತೈತಿ, ಗೊರವಯ್ಯಗಳು ಮೈಲಾರಲಿಂಗನ ನಾಯಿ ನಾವು ಅಂತ ಬೊಗಳಿ, ದೋಣ್ಯಾಗಿನ ಹಾಲು ಬಾಳೆಹಣ್ಣಿಗೆ ಬಾಯಿ ಹಚ್ಚತಾರ. ಆ ದೋಣಿ ತುಂಬಸೂ ಕೈ ನಮ್ಮವ. ಜೀವಿಗಳ ಮ್ಯಾಲ ದಯಾ ಇಡೂದು ನಾಗರಿಕರ ಕರ್ತವ್ಯ ಅಂತ ಸಂವಿಧಾನದ 51ಎ ಕಲಮಿನ್ಯಾಗೂ ಬರದಾರ.

ಕಡೀಕ ರೊಕ್ಕದ ಮಾತು. ಟಂಟಂ ಬಾಡಿಗಿ, ಔಷಧಿ ಅಂತ ನಾ ಕೊಟ್ಟದ್ದನ್ನ ದೊಡ್ಡವ್ವ ಚೀಟಿ ನೋಡಿ ಎಣಿಸಿ ತಂದುಕೊಟ್ರು. ಮ್ಯಾಲ ಒಂದ ಡಬ್ಬಿ ಶೇಂಗಾ ಉಂಡಿ. ನಮ್ಮ ಯಜಮಾನ್ರು "ಬ್ಯಾಡ ಅನ್ನು, ಚಂದ ಕಾಣೂದಿಲ್ಲ" ಅಂದ್ರು. ನಾ ತಗೊಂಡೆ. ಒಂಟಿ ಇರೂ ಹೆಣ್ಣಮಗಳು, ಇವತ್ತ ರೊಕ್ಕಾ ಬ್ಯಾಡ ಅಂದ್ರ ನಾಳೆ ರಾತ್ರಿ ಎದಿ ನೋವು ಬಂದ್ರೂ ನಮ್ಮ ಬಾಗಲ ಬಡಿಯಾಕ ಸಂಕೋಚ ಮಾಡ್ಯಾರು. ಲೆಕ್ಕ ಚುಕ್ತಾ ಇದ್ರ ಬಾಗಲ ಬಡಿಯೂದು ಹಗರ.

ಈಗ ನಮ್ಮ ಅಡಗಿಮನಿ ಕ್ಯಾಲೆಂಡರಿನ ಬಾಜೂಕ 1962, ಪಶು ಡಾಕ್ಟರ ನಂಬರು, ದೊಡ್ಡವ್ವನ ಅಳಿಯನ ನಂಬರು ಮೂರೂ ಬರದ ಹಚ್ಚೇನಿ. ನೀವೂ ನಿಮ್ಮ ಆಜೂಬಾಜೂದವರು ಊರಿಗೆ ಹೊಂಟಾಗ, "ಮನಿ ಕೀಲಿ ಎಲ್ಲೈತ್ರಿ" ಅಂತ ಕೇಳಿಟ್ಟಂಗ, "ನಿಮ್ಮ ನಾಯಿಗೆ, ಆಕಳಿಗೆ ಏನರ ಆದ್ರ ಯಾರಿಗೆ ಫೋನ್ ಮಾಡಲಿ, ಎಷ್ಟ ಖರ್ಚಿನವರೆಗೂ ಮಾಡಲಿ" ಅಂತನೂ ಕೇಳಿ ಇಟ್ಟುಕೊಳ್ರಿ. ಕೇಳಾಕ ಒಂದ ನಿಮಿಷ ಹಿಡೀತೈತಿ.